ಬಿಸಿಲೇರಿದ ಮೇಲೆ ಬಿಡುವ ಕೈ

ಬೆಳಗ್ಗೆ ಏಳುವಾಗ ನನ್ನ ಎರಡೂ ಕೈ ಮುಷ್ಟಿ ಕಟ್ಟಿಕೊಂಡಿರುತ್ತವೆ, ಹೊಡೆದಾಟಕ್ಕೆ ಹೊರಟವನ ಹಾಗೆ. ಬಿಚ್ಚಲು ಹೋದರೆ ಬೆರಳಿನ ಬುಡದಿಂದ ಮೊಣಕೈಯವರೆಗೆ ಜೀವ ಹೋಗುತ್ತದೆ. ಲೋಟ ಹಿಡಿಯಲು ಬರುವುದಿಲ್ಲ, ಅಂಗಿಯ ಗುಂಡಿ ಹಾಕಲು ಬರುವುದಿಲ್ಲ, ಪಂಚೆ ಉಡುವ ಸುದ್ದಿಯಂತೂ ಬೇಡ. ಹತ್ತು ಗಂಟೆಗೆ ಬಿಸಿಲು ಜಗಲಿಗೆ ಬರುತ್ತದೆ. ಬೆರಳುಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ. ಹನ್ನೊಂದಕ್ಕೆ ನಾನು ಎಲೆಗೆ ಸುಣ್ಣ ಹಚ್ಚಿಕೊಂಡು ಮತ್ತೆ ಮನುಷ್ಯನಾಗುತ್ತೇನೆ. ನನ್ನ ಹೆಂಡತಿಗೆ ಮೊದಮೊದಲು ಇದು ನಂಬಿಕೆಯಾಗಲಿಲ್ಲ. "ನೀರು ಸೇದೋ ಹೊತ್ತಿಗೆ ನೋವು, ಎಲೆ ಹಾಕೋ ಹೊತ್ತಿಗೆ ವಾಸಿ. ಒಳ್ಳೇ ಕಾಯಿಲೆ ನಿಮ್ದು" ಅಂದಳು. ನಾನು ಜಗಳಕ್ಕೆ ಹೋಗಲಿಲ್ಲ. ಆ ಜಗಳ ಮಾಡುವ ಯೋಗ್ಯತೆ ನನಗಿಲ್ಲ.

ಚಿಕ್ಕಮಗಳೂರಿನ ಡಾಕ್ಟರು ನನ್ನ ಬೆರಳುಗಳನ್ನು ಒತ್ತಿ ನೋಡಿ ವಿವರಿಸಿದರು. ವಯಸ್ಸಾದ ಹಾಗೆ ಕೀಲುಗಳ ಮಧ್ಯದ ಮೆತ್ತೆ ಸವೆಯುತ್ತದಂತೆ. ನನಗೆ ಅದರ ಜೊತೆಗೆ ಕೀಲು ಊದುವ ವಾಯುವೂ ಸೇರಿಕೊಂಡಿದೆಯಂತೆ. "ಬೆಳಿಗ್ಗೆ ಕೈ ಬಿಗಿದುಕೊಂಡು ಹೊತ್ತೇರಿದ ಮೇಲೆ ಬಿಡೋದೇ ಇದರ ಗುರುತು, ಸುಳ್ಳು ಹೇಳೋರಿಗೆ ಈ ವಿಷಯ ಗೊತ್ತಿರೋದಿಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಇದೇ ಗುರುತನ್ನು ಒಬ್ಬ ಹೆಂಗಸು ನನಗೆ ಐವತ್ತು ವರ್ಷದ ಹಿಂದೆಯೇ ಹೇಳಿದ್ದಳು, ನಾನು ಅವಳನ್ನು ಸುಳ್ಳಿ ಎಂದು ಕರೆದಿದ್ದೆ.

ಅದು ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಮೂಡಿಗೆರೆಯಿಂದ ದೇವರಮನೆಯ ಕಡೆಗೆ ಹೋಗುವ ದಾರಿಯಲ್ಲಿ ಒಬ್ಬ ಬಿಳಿ ದೊರೆಯ ಕಾಫಿ ಎಸ್ಟೇಟು, ನಾನು ಅಲ್ಲಿ ಲೆಕ್ಕ ಬರೆಯುವ ರೈಟರು. ವಯಸ್ಸು ಇಪ್ಪತ್ಮೂರು. ಓದಿದ್ದು ಹೈಸ್ಕೂಲು, ತೊಟ್ಟಿದ್ದು ಖಾಕಿ ಕೋಟು, ಕೈಯಲ್ಲಿ ಆಳುಗಳ ಹಾಜರಿಯ ಮಸ್ಟರು ಪುಸ್ತಕ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅನ್ನುವ ಗಾದೆಯನ್ನು ನನ್ನನ್ನು ನೋಡಿಯೇ ಮಾಡಿರಬೇಕು. ಬೆಳಗ್ಗೆ ಆರೂವರೆಗೆ ಕಾವಲುಗಾರ ಕಬ್ಬಿಣದ ಕಂಬಿಯನ್ನು ಬಡಿಯುತ್ತಿದ್ದ. ಆಳುಗಳೆಲ್ಲ ಬಂದು ಕಣದ ಮುಂದೆ ಸಾಲಾಗಿ ನಿಲ್ಲಬೇಕು, ನಾನು ಹೆಸರು ಕೂಗಬೇಕು, ಅವರು ಓ ಅನ್ನಬೇಕು. ಓ ಅಂದವರಿಗೆ ಆ ದಿನದ ಕೆಲಸ. ಕೆಲಸ ಇದ್ದವರಿಗೆ ಮಾತ್ರ ಲೈನಿನಲ್ಲಿ ಒಂದು ಕೋಣೆ. ಲೈನು ಅಂದರೆ ಆಳುಗಳಿಗೆಂದು ಒಂದಕ್ಕೊಂದು ಅಂಟಿಸಿ ಕಟ್ಟಿದ ಕೋಣೆಗಳ ಸಾಲು. ಮಸ್ಟರಿನಿಂದ ಹೆಸರು ಹೋದರೆ ಕೋಣೆಯೂ ಹೋಯಿತು.

ಆ ಸಾಲಿನ ಕೊನೆಯ ಕೋಣೆ ಅವಳದು. ಅರವತ್ತು ದಾಟಿದ ವಿಧವೆ. ಹೆತ್ತ ಇಬ್ಬರು ಮಕ್ಕಳೂ ಚಳಿಜ್ವರಕ್ಕೆ ಹೋಗಿದ್ದರು. ಆಗ ನಾನು ಅವಳನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ಈಗ ಬರೆಯುವಾಗ 'ಅವರು' ಎಂದು ಹಾಕಲು ಮನಸ್ಸಾಗುತ್ತದೆ, ಆದರೆ ಅದು ಕಳ್ಳ ಮರ್ಯಾದೆ, ಬೇಡ. ಹಣ್ಣು ಕುಯ್ಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂದು ಹಳೆಯ ಆಳುಗಳು ಹೇಳುತ್ತಿದ್ದರು. ಎರಡು ಕೈಯಲ್ಲೂ ಒಟ್ಟಿಗೆ ಕುಯ್ದು, ಒಂದು ಎಲೆಯನ್ನೂ ಬೀಳಿಸದೆ ಗಿಡ ಖಾಲಿ ಮಾಡುತ್ತಿದ್ದಳಂತೆ. ನಾನು ನೋಡುವ ಹೊತ್ತಿಗೆ ಆ ಬೆರಳುಗಳು ಗಂಟುಗಂಟಾಗಿ, ಶುಂಠಿ ಗೆಡ್ಡೆಯ ಹಾಗೆ ಒಂದೊಂದು ಒಂದೊಂದು ಕಡೆಗೆ ತಿರುಗಿದ್ದವು.

ಕುಯ್ಲು ಶುರುವಾದ ವಾರ ಅವಳು ಆಫೀಸಿನ ಮೆಟ್ಟಿಲಿಗೆ ಬಂದಳು.

"ರೈಟ್ರೇ, ಬೆಳಿಗ್ಗೆ ಹೊತ್ತು ಕೈ ಕೇಳೂದಿಲ್ಲ. ಇಬ್ಬನಿ ಆರಿ ಬಿಸ್ಲು ಬಂದ್ಮೇಲೆ ಬಿಡ್ತದೆ. ಹತ್ತು ಗಂಟೆಗೆ ಬರ್ತೀನಿ, ಕತ್ಲೆ ಆಗೋ ತನಕ ಕುಯ್ತೀನಿ. ಬುಟ್ಟಿ ಕಮ್ಮಿ ಬಂದ್ರೆ ಆಗ ಬೈರಿ."

ಅವಳು ಕೇಳಿದ್ದು ಅಷ್ಟೇ, ಮೂರೂವರೆ ಗಂಟೆ ತಡ. ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿ ನಕ್ಕ. "ಎಲ್ಲಾ ನಾಟ್ಕ ಮಾರಾಯ್ರೇ. ಇವ್ಳೊಬ್ಳಿಗೆ ಬಿಟ್ರೆ ನಾಳೆ ಇಡೀ ಲೈನಿಗೇ ವಾಯು ಬರ್ತದೆ."

ನಾನು ಬುದ್ಧಿವಂತನಲ್ಲವೇ, ಪರೀಕ್ಷೆ ಮಾಡಿದೆ. ಮಾರನೆಯ ಬೆಳಗ್ಗೆ ಅವಳು ಬುಟ್ಟಿಯ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳಲಾಗದೆ ಅಯ್ಯೋ ಅಮ್ಮಾ ಎಂದು ಮುಲುಗುತ್ತಾ ನಿಂತದ್ದನ್ನು ನೋಡಿದೆ. ಮಧ್ಯಾಹ್ನ ಸದ್ದಿಲ್ಲದೆ ತೋಟಕ್ಕೆ ಹೋಗಿ ಗಿಡದ ಮರೆಯಲ್ಲಿ ನಿಂತು ನೋಡಿದೆ. ಎರಡು ಕೈಯಲ್ಲೂ ಕುಯ್ಯುತ್ತಿದ್ದಳು! ಹಿಂದಿನ ವೇಗವಿರಲಿಲ್ಲ, ಆದರೆ ಕುಯ್ಯುತ್ತಿದ್ದಳು. ಕಳ್ಳಿ ಸಿಕ್ಕಿಬಿದ್ದಳು ಎಂದು ನನಗೆ ಎಂಥ ಖುಷಿಯಾಯಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಮರುದಿನ ಎಲ್ಲರ ಮುಂದೆ ಅವಳನ್ನು ಸಾಲಿನಿಂದ ಹೊರಗೆ ಕರೆದು ಹೇಳಿದೆ: "ಆರು ಗಂಟೆಗೆ ಇರೋ ನೋವು ಹನ್ನೆರಡಕ್ಕೆ ಎಲ್ಲಿಗೆ ಹೋಗ್ತದೆ? ಸುಳ್ಳಿ! ಇನ್ಮೇಲೆ ಮುಲುಗಿದೋರಿಗೆ ಇಲ್ಲಿ ಮಸ್ಟರಿಲ್ಲ. ನೋವಿದ್ದೋರು ಲೈನು ಖಾಲಿ ಮಾಡಿ ಹೋಗ್ಬಹುದು."

ಕೆಲವರು ನಕ್ಕರು. ಅವಳು ತಲೆ ಬಗ್ಗಿಸಿಕೊಂಡು ಸಾಲಿಗೆ ಹೋಗಿ ನಿಂತಳು.

ಆ ದಿನದಿಂದ ಅವಳ ಬಾಯಿಂದ ಒಂದು ನರಳಾಟವೂ ಬರಲಿಲ್ಲ. ಆರೂವರೆಗೆ ಸರಿಯಾಗಿ ಬರುತ್ತಿದ್ದಳು, ಎರಡೂ ಕೈ ಕಂಬಳಿಯ ಒಳಗೆ. ಹೆಸರು ಕೂಗಿದರೆ ಎಲ್ಲರಿಗಿಂತ ಗಟ್ಟಿಯಾಗಿ ಓ ಅನ್ನುತ್ತಿದ್ದಳು. ಹಗ್ಗವನ್ನು ಪಕ್ಕದ ಹೆಂಗಸರು ಕಟ್ಟಿಕೊಡುತ್ತಿದ್ದರು, ಅವರು ಮರೆತ ದಿನ ಹಲ್ಲಿನಲ್ಲಿ ಕಚ್ಚಿ ಎಳೆದುಕೊಳ್ಳುತ್ತಿದ್ದಳು. "ನೋಡಿದ್ರಾ, ನಿಮ್ಮ ಬೈಗುಳಕ್ಕೆ ವಾಯು ಓಡಿ ಹೋಯ್ತು" ಎಂದು ಮೇಸ್ತ್ರಿ ಹೊಗಳಿದ. ನಾನೂ ಹಾಗೇ ಅಂದುಕೊಂಡು ಹಿಗ್ಗಿದೆ.

ಕಂಬಳಿಯ ಒಳಗೆ ಏನು ನಡೆಯುತ್ತಿತ್ತು ಎಂದು ನನಗೆ ತಿಳಿದದ್ದು ಒಂದು ತಿಂಗಳು ಕಳೆದ ಮೇಲೆ, ಪಕ್ಕದ ಕೋಣೆಯವಳ ಬಾಯಿಂದ. ಲಕ್ಕಿ ಸೊಪ್ಪನ್ನು ಬಿಸಿ ಮಾಡಿ ಕಟ್ಟಿಕೊಂಡು ನೋಡಿದ್ದಳಂತೆ, ಸಾಲಲಿಲ್ಲ. ದೊರೆ ಹೊಡೆದ ಹುಲಿಯ ಕೊಬ್ಬನ್ನು ಯಾರಿಂದಲೋ ಬೇಡಿ ತಂದು ತಿಕ್ಕಿದಳಂತೆ, ನಾತ ಬಂತೇ ಹೊರತು ನೋವು ಹೋಗಲಿಲ್ಲ. ಕೊನೆಗೆ ಬೆಳಗಾಗುವ ಮೊದಲೇ ಎದ್ದು ಒಲೆಯ ಬಿಸಿ ಬೂದಿಯಲ್ಲಿ ಎರಡೂ ಕೈ ಹುಗಿದು ಕೂರುತ್ತಿದ್ದಳು. ಕಂಬಿ ಬಡಿಯುವ ಹೊತ್ತಿಗೆ ಬೆರಳು ಬಿಡಬೇಕಲ್ಲ. ಬೂದಿಯಲ್ಲಿ ಕೆಂಡವೂ ಇರುತ್ತಿತ್ತು. ಮುದಿ ಚರ್ಮ, ಸುಟ್ಟಲ್ಲಿ ಬೊಕ್ಕೆ ಎದ್ದು ಒಡೆದು ಹುಣ್ಣಾಯಿತು. ಎಳೆಯರಿಗಾದರೆ ನಾಲ್ಕು ದಿನದಲ್ಲಿ ಮಾಯುವ ಗಾಯ ಅವಳಿಗೆ ಮಾಯಲೇ ಇಲ್ಲ. ಮಾಯಿದ ಕಡೆ ಬಿಳಿ ಮಚ್ಚೆ ಉಳಿಯಿತು.

ಸೊಟ್ಟ ಬೆರಳು, ಆರದ ಹುಣ್ಣು, ಬಿಳಿ ಮಚ್ಚೆ. ಲೈನಿನ ಬಾಯಿಗಳಿಗೆ ಇನ್ನೇನು ಬೇಕು? ಕಡ್ಡಿ ಗುಡ್ಡವಾಯಿತು. ದೊಡ್ಡ ರೋಗ ಅಂದರು. ಕುಷ್ಠವನ್ನು ನಮ್ಮ ಕಡೆ ಹಾಗೆ ಕರೆಯುತ್ತಿದ್ದರು, ಅದನ್ನೂ ಪಿಸುಮಾತಿನಲ್ಲಿ. ಆ ಹೆಸರನ್ನು ಕಾಯಿಲೆಯವರ ಎದುರಿಗೆ ಎತ್ತಬಾರದು, ಎತ್ತಿದವರ ಮನೆಗೇ ಅದು ಬರುತ್ತದೆ ಎಂಬ ನಂಬಿಕೆ. ಹಾಗಾಗಿ ಇಡೀ ಲೈನು ಮಾತಾಡಿತು, ಅವಳೊಬ್ಬಳಿಗೆ ಯಾರೂ ಹೇಳಲಿಲ್ಲ. ಹಗ್ಗ ಕಟ್ಟಿಕೊಡುತ್ತಿದ್ದವರು ದೂರ ಸರಿದರು. ನೀರಿನ ಹತ್ತಿರ ಅವಳು ಬಂದರೆ ಕೊಡ ಎತ್ತಿಕೊಂಡು ಹೋದರು. ಕುಯ್ಲು ಅರ್ಧ ಆಗಿರುವಾಗ ಆಳುಗಳು ಗಂಟು ಕಟ್ಟುವ ಮಾತಾಡತೊಡಗಿದ್ದರಿಂದ ದೊರೆಗೂ ಸುದ್ದಿ ಮುಟ್ಟಿತು. ಪೇಟೆಯಿಂದ ಒಬ್ಬ ಕಂಪೌಂಡರನ್ನು ಕರೆಸಿದರು.

ಅವಳನ್ನು ಕರೆತರಲು ಹೋದವನು ನಾನೇ. ಗಿಡದ ಬುಡದಲ್ಲಿ ಉದುರಿದ ಹಣ್ಣು ಹೆಕ್ಕುತ್ತಿದ್ದಳು.

"ಯಾಕೆ ರೈಟ್ರೇ?"

"ಕಂಪೌಂಡರು ಬಂದಿದ್ದಾರೆ. ನಿನ್ನ ಕೈ ನೋಡ್ತಾರಂತೆ."

"ಕೈ ಈಗ ಸಮ ಆಗಿದೆ. ನೀವೇ ನೋಡಿದೀರಲ್ಲ, ಒಂದು ದಿನ ತಪ್ಪಿಸಿಲ್ಲ ನಾನು."

"ಗೊತ್ತು. ಬಾ."

ಕಣದವರೆಗೆ ಅರ್ಧ ಮೈಲಿ ನಡೆದೆವು. ಆ ದಾರಿಯಲ್ಲಿ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಜನ ಹೀಗೆ ಅಂತಾರೆ ಅಜ್ಜಿ, ಅದು ಇದೆಯೋ ಇಲ್ಲವೋ ಅಂತ ನೋಡ್ತಾರೆ ಅಂತ. ನಾನು ಹೇಳಲಿಲ್ಲ. ಹೈಸ್ಕೂಲು ಓದಿದವನಿಗೂ ಆ ಹೆಸರು ನಾಲಿಗೆಯ ಮೇಲೆ ಬರಲಿಲ್ಲ. ಅವಳು ನನ್ನ ಹಿಂದೆ ಬರುತ್ತಾ ಕೈಗಳನ್ನು ಒಂದಕ್ಕೊಂದು ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದ ಸದ್ದು ಕೇಳುತ್ತಿತ್ತು.

ಕಣದ ಪಕ್ಕದ ಜಗಲಿಯಲ್ಲಿ ದೊರೆ ಕುರ್ಚಿಯ ಮೇಲೆ, ಮೂಗಿಗೆ ಕರವಸ್ತ್ರ. ಕಂಪೌಂಡರು ಅವಳನ್ನು ದೊರೆಯಿಂದ ಆರು ಅಡಿ ದೂರದಲ್ಲಿ ಕೂರಿಸಿ, ಒಂದು ಉದ್ದನೆಯ ಸೂಜಿ ತೆಗೆದರು. ಕುಷ್ಠದ ಕೈಗೆ ಚುಚ್ಚಿದ್ದು ತಿಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. "ಅತ್ಲಾಗೆ ಗುಡ್ಡ ನೋಡಮ್ಮ" ಅಂದರು. ಅವಳು ಗುಡ್ಡದ ಕಡೆ ಮುಖ ತಿರುಗಿಸಿದಳು. ಊದಿದ ಗಂಟಿನ ಪಕ್ಕದಲ್ಲೇ ಸೂಜಿ ಇಳಿಯಿತು.

"ನೋವಾಯ್ತಾ?"

"ಇಲ್ಲ ಸ್ವಾಮಿ."

ಇನ್ನೊಂದು ಕೈಗೆ ಚುಚ್ಚಿದರು. ಈ ಸಲ ಇನ್ನೂ ಆಳವಾಗಿ, ರಕ್ತದ ಹನಿ ಬಂತು.

"ಈಗ?"

"ಏನೂ ಇಲ್ಲ ಸ್ವಾಮಿ. ಒಂದು ಚೂರೂ ನೋವಿಲ್ಲ. ಎಷ್ಟು ಬೇಕಾದ್ರೂ ಕುಯ್ತೀನಿ."

ನಾನು ಅವಳ ಕಾಲು ನೋಡುತ್ತಿದ್ದೆ. ಸೂಜಿ ಇಳಿದಾಗಲೆಲ್ಲ ಅವಳ ಕಾಲ್ಬೆರಳುಗಳು ಸಗಣಿ ಸಾರಿಸಿದ ನೆಲವನ್ನು ಕೆರೆಯುತ್ತಿದ್ದವು. ಕಣ್ಣಿನ ಮೂಲೆಯಲ್ಲಿ ನೀರಿತ್ತು. ಮುಖದಲ್ಲಿ ಮಾತ್ರ ನಗು, ನನ್ನ ಮಸ್ಟರಿನಲ್ಲಿ ಕಲಿತ ನಗು. ಮುಲುಗಿದವರಿಗೆ ಲೈನಿಲ್ಲ ಎಂದು ನಾನು ಹೇಳಿದ್ದನ್ನು ಅವಳು ಅಕ್ಷರಶಃ ನಂಬಿದ್ದಳು. ಇದು ಅದರದೇ ಕೊನೆಯ ಪರೀಕ್ಷೆ ಎಂದುಕೊಂಡು ಹಲ್ಲು ಕಚ್ಚಿ ಕೂತಿದ್ದಳು. ಅಯ್ಯೋ ಎಂದು ಒಂದು ಸಲ ಕೂಗಿದ್ದರೆ ಅವಳು ಉಳಿಯುತ್ತಿದ್ದಳು.

ಕಂಪೌಂಡರು ದೊರೆಗೆ ಇಂಗ್ಲಿಷಿನಲ್ಲಿ, ಎರಡೂ ಕೈಯಲ್ಲಿ ಸ್ಪರ್ಶಜ್ಞಾನವಿಲ್ಲ ಎಂದರು. ಅವರಿಬ್ಬರನ್ನು ಬಿಟ್ಟರೆ ಅದು ಅರ್ಥವಾಗುವವನು ಅಲ್ಲಿ ನಾನೊಬ್ಬನೇ ಇದ್ದೆ. ಸುಳ್ಳು, ಅವಳಿಗೆ ನೋವಿದೆ, ನನಗೆ ಹೆದರಿ ಮುಚ್ಚಿಡುತ್ತಿದ್ದಾಳೆ ಎಂದು ಹೇಳಲು ಹತ್ತು ಇಂಗ್ಲಿಷ್ ಪದ ಸಾಕಾಗಿತ್ತು. ಹೇಳಿದರೆ ಹೆದರಿಸಿದ್ದು ಯಾಕೆ ಎಂದು ದೊರೆ ಕೇಳುತ್ತಾರೆ, ಒಬ್ಬ ಆಳಿನ ಸಲುವಾಗಿ ಕಂಪೌಂಡರಿಗೆ ಎದುರಾಡುತ್ತೀಯಾ ಎಂದು ಬೈಯುತ್ತಾರೆ. ಹೊಸ ಕೆಲಸ, ಊರಿನಲ್ಲಿ ಮದುವೆಯ ಮಾತು ನಡೆದಿತ್ತು. ಹೇಡಿಗೆ ಕಾರಣಗಳಿಗೇನು ಬರ. ನಾನು ಸುಮ್ಮನಿದ್ದೆ. ದೊರೆ ಎದ್ದು, ನಾಳೆಯೊಳಗೆ ಹೆಸರು ತೆಗೆದು ಕೋಣೆ ಖಾಲಿ ಮಾಡಿಸಿ ಸುಣ್ಣ ಬಳಿಸಬೇಕು ಎಂದು ನನಗೆ ಹೇಳಿ ಒಳಗೆ ಹೋದರು.

ಅವಳು ಕೈಯ ರಕ್ತವನ್ನು ಸೆರಗಿಗೆ ಒರೆಸಿಕೊಂಡು ನನ್ನ ಹತ್ತಿರ ಬಂದಳು. ಮುಖ ಅರಳಿತ್ತು.

"ಒಂದು ಸಲಾನೂ ಕೂಗ್ಲಿಲ್ಲ ಅಲ್ವಾ ರೈಟ್ರೇ?"

"ಇಲ್ಲ ಅಜ್ಜಿ" ಅಂದೆ.

"ಹಂಗಾದ್ರೆ ನಾಳೆ ಮಸ್ಟರಿಗೆ ಬರ್ತೀನಿ" ಎಂದು ತೋಟಕ್ಕೆ ಹೋದಳು. ಆ ಸಂಜೆ ಅವಳ ಬುಟ್ಟಿ ತುಂಬಿ ಬಂತು. ಕುಯ್ದ ಹಣ್ಣನ್ನು ರಾಶಿಗೆ ಸೇರಿಸಲು ಮೇಸ್ತ್ರಿ ಬಿಡಲಿಲ್ಲ, ಬೇರೆ ಇಡು ಅಂದ. ಯಾಕೆಂದು ಹೇಳಲಿಲ್ಲ. ಸುದ್ದಿಯನ್ನು ಅವಳಿಗೆ ಮೇಸ್ತ್ರಿ ಹೇಳಲಿ ಎಂದು ನಾನು, ರೈಟರು ಹೇಳಲಿ ಎಂದು ಮೇಸ್ತ್ರಿ. ಇಬ್ಬರೂ ಹೇಳಲಿಲ್ಲ.

ಮಾರನೆಯ ಬೆಳಗ್ಗೆ ಕಂಬಿ ಬಡಿಯುವುದಕ್ಕೆ ಮೊದಲೇ ಅವಳು ಬಂದು ನಿಂತಿದ್ದಳು. ಉಳಿದವರು ಅವಳಿಂದ ಹತ್ತು ಮಾರು ಬಿಟ್ಟು ಸಾಲು ಕಟ್ಟಿದರು. ಮಂಜು ಬಹಳ ಇತ್ತು. ನಾನು ಪುಸ್ತಕ ಬಿಚ್ಚಿ ಹೆಸರು ಕೂಗುತ್ತಾ ಬಂದೆ. ಹಿಂದಿನ ಸಂಜೆಯೇ ಅವಳ ಹೆಸರಿನ ಮೇಲೆ ಗೆರೆ ಎಳೆದಿದ್ದೆ. ಅದರ ಮೇಲಿನ ಹೆಸರು ಕೂಗಿದೆ, ಆ ಹೆಂಗಸು ಓ ಅಂದಳು. ಮುಂದಿನದು ತನ್ನದೆಂದು ಅವಳಿಗೆ ಗೊತ್ತಿತ್ತು, ಎಷ್ಟೋ ವರ್ಷದಿಂದ ಅದೇ ಕ್ರಮ. ನಾನು ಕೂಗಲಿಲ್ಲ.

ಕೂಗದಿದ್ದರೂ ಅವಳು "ಓ" ಅಂದಳು.

ನಾನು ತಲೆ ಎತ್ತಲಿಲ್ಲ. ನನಗೆ ಕೇಳಿಸಲಿಲ್ಲ ಅಂದುಕೊಂಡಳೋ ಏನೋ, ಎರಡು ಹೆಜ್ಜೆ ಮುಂದೆ ಬಂದು ಕಂಬಳಿಯಿಂದ ಎರಡೂ ಕೈ ಹೊರಗೆ ತೆಗೆದು, ಇನ್ನೂ ಗಟ್ಟಿಯಾಗಿ ಓ ಅಂದಳು. ನಾನು ಅದರ ಕೆಳಗಿನ ಹೆಸರು ಕೂಗಿದೆ.