ಪಟ್ಟಿಯಲ್ಲಿ ಇಲ್ಲದ ಹೆಸರು

ಹತ್ತು ವರ್ಷ ಯಾರೂ ಮುಟ್ಟದ ಖಾತೆಗಳ ಪಟ್ಟಿಯನ್ನು ಬ್ಯಾಂಕುಗಳು ಎಲ್ಲರಿಗೂ ಕಾಣುವಂತೆ ಇಂಟರ್ನೆಟ್ಟಿನಲ್ಲಿ ಹಾಕಬೇಕೆಂಬುದು ದೇಶದ ಕೇಂದ್ರ ಬ್ಯಾಂಕಿನ ನಿಯಮ. ನಾವು ಸಿಬ್ಬಂದಿ ಆ ಬ್ಯಾಂಕನ್ನು ‘ಮುಂಬಯಿ’ ಎಂದಷ್ಟೇ ಕರೆಯುತ್ತೇವೆ. ಪಟ್ಟಿಯಲ್ಲಿ ಇರುವುದು ಖಾತೆದಾರರ ಹೆಸರು ಮತ್ತು ವಿಳಾಸ. ಒಳಗೆ ಎಷ್ಟಿದೆ, ತಮ್ಮ ನಂತರ ಹಣ ಸೇರಬೇಕಾದ ನಾಮಿನಿಯಾಗಿ ಯಾರನ್ನು ಬರೆಸಿದ್ದಾರೆ, ಅದನ್ನೆಲ್ಲ ಹಾಕುವಂತಿಲ್ಲ. ಖಾನಾಪುರದ ಶಾಖೆಯ ಕೌಂಟರಿನಲ್ಲಿ ಇಷ್ಟು ವರ್ಷ ಕೂತು, ಮೇಡಂ ಎನ್ನಲು ಇಲ್ಲಿಯವರು ಬಳಸುವ ‘ಬಾಯಾರ’ ಆಗಿಹೋದ ನಾನು ಈ ನಿಯಮವನ್ನು ನಿದ್ದೆಯಲ್ಲೂ ಒಪ್ಪಿಸಬಲ್ಲೆ. ಆದರೂ ಕೆಡಿಸಿದ್ದು ನಾನೇ.

ಪಟ್ಟಿ ಹಾಕಿದರೆ ಸಾಲದು, ಆ ಜನರನ್ನು ಹುಡುಕಿ ತಿಳಿಸಿ ಎಂದು ಮೇಲಿನಿಂದ ಆದೇಶ ಬಂತು. ನನ್ನ ಪಾಲಿಗೆ ಬಂದದ್ದು ನಂದಗಡ ಎಂಬ ಊರು. ನಮ್ಮ ಕಡೆ ಯಾರದಾದರೂ ಮನೆ ಸಿಗದಿದ್ದರೆ ಹಿಟ್ಟಿನ ಗಿರಣಿಯಲ್ಲಿ ಕೇಳುವುದು ರೂಢಿ, ಪ್ರತಿ ಮನೆಯ ಡಬ್ಬಿಯೂ ಅಲ್ಲಿಗೆ ಬರಲೇಬೇಕಲ್ಲ. ಸಂತೆಯ ದಿನ ಹೋದೆ. ಗಿರಣಿಯ ಮುಂದೆ ಹೆಂಗಸರ ದಂಡೇ ನಿಂತಿತ್ತು. ಯಂತ್ರದ ಗದ್ದಲಕ್ಕೆ ನನ್ನ ಮಾತು ಗಿರಣಿಯವನಿಗೆ ಕೇಳಿಸಲಿಲ್ಲ. ಬ್ಯಾಂಕಿನ ಗುರುತಿನ ಚೀಟಿಯನ್ನು ಕೊರಳಿಗೆ ತೂಗುಹಾಕಿಕೊಂಡೇ ಒಬ್ಬ ಅಜ್ಜಿಯ ಹೆಸರನ್ನು ಗಂಟಲು ಹರಿಯುವಂತೆ ಕೂಗಿದೆ. ಅಷ್ಟರಲ್ಲಿ ಅವನು ಯಂತ್ರ ನಿಲ್ಲಿಸಿದ್ದ.

“ಆಕೀದು ನಿಮ್ಮ ಬ್ಯಾಂಕಿನ್ಯಾಗ ಖಾತೆ ಐತೇನ್ರೀ? ಮಗಗ ನಾ ಹೇಳ್ತೀನಿ ಬಿಡ್ರಿ, ನೀವ್ಯಾಕ ಬಿಸಲಾಗ ತಿರಗತೀರಿ,” ಅಂದ. ಪಾಪ, ಉಪಕಾರ ಮಾಡುವ ಉತ್ಸಾಹ ಅವನದು. ಸಾಲಿನಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರುದಿನ ನಮ್ಮ ಶಾಖೆಯ ಬಾಗಿಲು ತೆರೆಯುವ ಮೊದಲೇ ಆ ಅಜ್ಜಿಯ ಮಗ ಬಂದು ನಿಂತಿದ್ದರು. ಐವತ್ತು ದಾಟಿದವರು, ಊರಲ್ಲಿ ಗೊಬ್ಬರದ ಅಂಗಡಿ. ಮಾಹಿತಿ ಹಕ್ಕಿನ ಅರ್ಜಿ ಹಾಕುವುದರಲ್ಲಿ ಎತ್ತಿದ ಕೈ. ಅವರ ಬೈಕಿನ ಸದ್ದು ಕೇಳಿದರೆ ಪಂಚಾಯಿತಿಯವರಿಗೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ ಎಂಬ ಮಾತಿತ್ತು.

“ನಮ್ಮವ್ವ ನನಗ ಹೇಳದಽ ಖಾತೆ ತಗದಾಳ. ಆತು, ಬಿಡ್ರಿ. ನಾಮಿನಿ ಅಂತ ಯಾರ ಹೆಸರ ಬರಿಸ್ಯಾಳ, ಅಷ್ಟ ಹೇಳ್ರಿ.”

“ಅವರನ್ನಽ ಕರಕೊಂಡ ಬರ್ರಿ. ನಿಮಗ ಹೇಳಾಕ ಬರೂದಿಲ್ಲ.”

“ಇದ್ಯಾವ ನ್ಯಾಯ ಬಾಯಾರ? ಆಕೀ ಹೆಸರ ಊರಿಗೆಲ್ಲಾ ತೋರಸ್ತೀರಿ, ಹೊಟ್ಟ್ಯಾಗ ಹುಟ್ಟಿದ ಮಗಗ ಮುಚ್ಚಿಡ್ತೀರಿ? ಆಕಿಗೆ ಇರಾಂವ ನಾ ಒಬ್ಬನಽ. ಬ್ಯಾರೆ ಯಾರೂ ಇಲ್ಲ.”

ಪ್ರಶ್ನೆ ಖರೇನೇ ಇತ್ತು. ನಾನು ಮುಂಬಯಿಯ ನಿಯಮವನ್ನೇ ಮತ್ತೆ ಒಪ್ಪಿಸಿದೆ. “ಮುಂಬಯಿಗೇ ಬರೀತೀನಿ” ಎಂದು ಹೊರಟುಹೋದರು.

ಆಮೇಲೆ ಆ ಖಾತೆಯನ್ನು ತೆರೆದು ನೋಡಿದೆ. ನಾಮಿನಿಯ ಸಂಬಂಧ: ಮಗಳು. ವಿಳಾಸ: ಬೆಳಗಾವಿಯ ಖಾಸಬಾಗ. ಬೇರೆ ಯಾರೂ ಇಲ್ಲ ಎಂದು ಆ ಮನುಷ್ಯ ಅಷ್ಟು ಗಟ್ಟಿಯಾಗಿ ಹೇಳಿಹೋಗಿದ್ದರು. ಅಂದರೆ ಆ ಮನೆಯವರು ಒಬ್ಬ ಮಗಳನ್ನು ಇಲ್ಲವೆಂದೇ ಮಾಡಿಬಿಟ್ಟಿದ್ದರು, ತಾಯಿ ಯಾರಿಗೂ ಗೊತ್ತಾಗದಂತೆ ಅವಳನ್ನು ನಮ್ಮಲ್ಲಿ ಬರೆಸಿಟ್ಟಿದ್ದಳು. ಸಂಜೆ ಬೆಳಗಾವಿಯ ನನ್ನ ಮನೆಗೆ ಮರಳುವ ಬಸ್ಸಿನಲ್ಲಿ ನನ್ನನ್ನು ನಾನೇ ಬಾಯಿಗೆ ಬಂದಂತೆ ಬೈದುಕೊಂಡೆ. ಮುಂಬಯಿಯವರು ನಮ್ಮ ಶಾಖೆಯನ್ನು ಕೇಳಿ, ಆ ಹೆಸರನ್ನು ಕಾಗದದಲ್ಲಿ ಬರೆದು ಮಗನ ಕೈಗೆ ಕೊಟ್ಟುಬಿಟ್ಟರೆ ಆ ಮುದುಕಿ ಆ ಮನೆಯಲ್ಲಿ ಹೇಗೆ ಬಾಳಬೇಕು?

ತಿಂಗಳು ತುಂಬುವ ಮೊದಲೇ ಉತ್ತರ ಬಂತು. ಮಗನೇ ಅದನ್ನು ತಂದು ನನ್ನ ಮುಂದೆ ಹರವಿದರು. ಓದುತ್ತ ಓದುತ್ತ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ನಂದಗಡದ ಗೊಬ್ಬರದ ಅಂಗಡಿಯವರು ಹತ್ತು ರೂಪಾಯಿ ಕಟ್ಟಿ ಹಾಕಿದ ಅರ್ಜಿಗೆ, ದೇಶದ ನೋಟನ್ನೆಲ್ಲ ಅಚ್ಚು ಹಾಕಿಸುವ ಬ್ಯಾಂಕು ಒಂದೊಂದೇ ಪ್ರಶ್ನೆ ಎತ್ತಿಕೊಂಡು ಉತ್ತರ ಬರೆದಿತ್ತು. ಪಟ್ಟಿ ಏಕೆ ಪ್ರಕಟಿಸಬೇಕು, ಬ್ಯಾಂಕುಗಳಿಗೆ ಏನು ಆದೇಶ ಕೊಟ್ಟಿದ್ದೇವೆ, ಅದಕ್ಕೆಲ್ಲ ಸುತ್ತೋಲೆಗಳನ್ನು ಒಂದು ಪುಟವೂ ಬಿಡದೆ ಲಗತ್ತಿಸಿತ್ತು. ಕೊನೆಯ ಪ್ರಶ್ನೆ ತಾಯಿಯ ನಾಮಿನಿಯದು. ಅದಕ್ಕೆ ಒಂದೇ ಸಾಲು: ಇದು ಗ್ರಾಹಕರ ಖಾಸಗಿ ಮಾಹಿತಿ, ಕೊಡಲಾಗದು. ಅದರ ಕೆಳಗೆ, ಈ ಉತ್ತರ ಒಪ್ಪಿಗೆಯಾಗದಿದ್ದರೆ ನಮ್ಮ ವಿರುದ್ಧ ಮೇಲ್ಮನವಿ ಯಾರಿಗೆ, ಯಾವ ವಿಳಾಸಕ್ಕೆ ಕಳಿಸಬೇಕೆಂಬುದನ್ನೂ ತಾವೇ ಬರೆದುಕೊಟ್ಟಿದ್ದರು.

ಹೇಳಲು ನಾಚಿಕೆಯಿಲ್ಲ, ನನ್ನ ಮೈ ಜುಮ್ಮೆಂದಿತು. ತನ್ನ ಬಗ್ಗೆ ಕೇಳಿದ್ದನ್ನೆಲ್ಲ ಬಿಚ್ಚಿಟ್ಟ ಆ ದೊಡ್ಡ ಮನೆ, ಒಬ್ಬ ಅಜ್ಜಿಯ ಬಗ್ಗೆ ಒಂದಕ್ಷರವನ್ನೂ ಬಿಟ್ಟುಕೊಟ್ಟಿರಲಿಲ್ಲ. ಅಂದು ನನಗೆ ಹೊಳೆಯದೆ ಹೋದ ಉತ್ತರ ಅಲ್ಲಿತ್ತು. ಬ್ಯಾಂಕು ಹೇಗೆ ನಡೆಯುತ್ತದೆಂದು ಕೇಳುವುದಕ್ಕೆ ಊರಿಗೆ ಹಕ್ಕಿದೆ, ಅಜ್ಜಿಯ ಮನಸ್ಸಿನಲ್ಲಿ ಯಾರಿದ್ದಾರೆಂದು ಕೇಳುವುದಕ್ಕೆ ಇಲ್ಲ. ಈ ನಿಯಮಗಳನ್ನು ಬಾಯಿಪಾಠ ಮಾಡಿ ಬಡ್ತಿ ಪರೀಕ್ಷೆ ಪಾಸಾದವಳು ನಾನು. ಅವು ಯಾರನ್ನು ಕಾಯುತ್ತವೆಂದು ಅಲ್ಲಿಯತನಕ ಯೋಚಿಸಿಯೇ ಇರಲಿಲ್ಲ.

ಮಗನೂ ಬೆರಗಾಗಿದ್ದರು. “ನಮ್ಮ ಪಂಚಾಯ್ತ್ಯಾಗ ಇಷ್ಟ ವರ್ಷದಾಗ ಒಮ್ಮೆರೆ ಹಿಂಗ ಉತ್ತರಾ ಕೊಟ್ಟಿಲ್ಲ ಬಾಯಾರ. ನನಗ ‘ಮಹೋದಯ’ ಅಂತ ಬರದಾರ ನೋಡ್ರಿ.”

“ಮೇಲ್ಮನವಿ ಹಾಕ್ತೀರೇನ್ರಿ?” ಎಂದು ಕೇಳಿದೆ.

ಕಾಗದವನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟರು. “ಇಷ್ಟ ಖರೇ ಬರದವರ ಮ್ಯಾಲ ಏನ್ ಹಾಕೂದ್ರಿ? ಅವ್ವನ್ನಽ ಕರಕೊಂಡ ಬರ್ತೀನಿ.”

ನಾಲ್ಕು ದಿನ ಬಿಟ್ಟು ತಾಯಿಯನ್ನು ಆಟೋದಲ್ಲಿ ಕರೆತಂದರು. ಖಾತೆ ಮತ್ತೆ ಚಾಲೂ ಆಗಲು ಆಧಾರ್, ಫೋಟೋ, ಹೆಬ್ಬೆಟ್ಟು ಬೇಕಿತ್ತು. ಮಗ ತಾಯಿಯ ಬಾಜುವಿನಲ್ಲೇ ನಿಂತರು. ನಾನು ಧೈರ್ಯ ತಂದುಕೊಂಡು, “ನೀವು ಆ ಕಡೆ ಕುಂದರ್ರಿ,” ಎಂದೆ. ನನ್ನನ್ನು ಒಮ್ಮೆ ದಿಟ್ಟಿಸಿದರು, ತಾಯಿಯನ್ನು ಒಮ್ಮೆ ನೋಡಿದರು. ಹೋಗಿ ಬಾಗಿಲ ಹತ್ತಿರದ ಬೆಂಚಿನ ಮೇಲೆ ಬೆನ್ನು ತಿರುಗಿಸಿ ಕೂತರು. ಅಂಥ ಮನುಷ್ಯ ಹೀಗೆ ದೂರ ಸರಿದು ಕೂತದ್ದು ನನಗೆ ಮುಂಬಯಿಯ ಕಾಗದಕ್ಕಿಂತ ದೊಡ್ಡದಾಗಿ ಕಂಡಿತು.

ನಾನು ಕೌಂಟರಿನಿಂದ ಹೊರಗೆ ಬಂದು ಅಜ್ಜಿಯ ಪಕ್ಕ ಕೂತೆ.

“ಯಾರಿಗರೆ ಹೇಳೀಯೇನ ತಂಗಿ?”

“ನಿಮ್ಮ ಹೆಸರ ಗಿರಣ್ಯಾಗ ಒದರಿದಾಕಿ ನಾನಽ ರೀ. ತಪ್ಪಾತು. ಒಳಗಿಂದು ಏನೂ ಹೇಳಿಲ್ಲ.”

ಎಷ್ಟಾಗಿದೆ ಎಂದು ಕೇಳುತ್ತಾರೆಂದುಕೊಂಡಿದ್ದೆ. ಅವರು ಅದನ್ನು ಕೇಳಲೇ ಇಲ್ಲ. ಸೆರಗನ್ನು ಕಿವಿಯಿಂದ ಸರಿಸಿ ನನ್ನತ್ತ ವಾಲಿದರು. “ನನಗ ಓದಾಕ ಬರೂದಿಲ್ಲ. ಆ ನಾಮಿನಿ ಹೆಸರ ಓದ.”

ಕಿವಿಯ ಹತ್ತಿರ ಬಗ್ಗಿ ಮಗಳ ಹೆಸರನ್ನು ಓದಿದೆ. ಅಜ್ಜಿ ಕಣ್ಣು ಮುಚ್ಚಿದರು.

“ಸರಿ ಐತೇನ್ರಿ? ಏನರೆ ತಿದ್ದೂದು ಐತೇನು?”

“ತಿದ್ದಬ್ಯಾಡ. ನಮ್ಮ ಮನ್ಯಾಗ ಆ ಹೆಸರ ಯಾರೂ ತಗೊಳ್ಳೂದಿಲ್ಲ ತಂಗಿ. ಇನ್ನೊಮ್ಮೆ ಓದ. ಸಾವಕಾಶ ಓದ.”