ಅಪ್ಪನ ಕಾರಿನ ಪೆಟ್ರೋಲ್ ಪೈಪು

ನಮ್ಮ ದ್ರಾಕ್ಷಿ ಬೆಳೆಯುವ ಮಂದಿಗೆ ಒಂದು ಚಟ. ಮನೆಯಲ್ಲಿ ಏನು ಕೆಟ್ಟರೂ ಅದರ ಸ್ಪೇರು ತೋಟದಲ್ಲೇ ಸಿಗುತ್ತದೆಂದು ನಂಬುತ್ತೇವೆ. ಸತ್ತಿ ಊರಿನ ನಮ್ಮ ಮನೆಯಲ್ಲಿ ಬಟ್ಟೆ ಒಣಗುವುದು ದ್ರಾಕ್ಷಿ ಚಪ್ಪರದ ತಂತಿಯ ಮೇಲೆ, ಬಚ್ಚಲಿನ ನೀರು ಹೋಗುವುದು ಡ್ರಿಪ್ ಪೈಪಿನಲ್ಲಿ. ನಿಧಾನವಾಗಿ ಹೋಗುತ್ತದೆ, ಅಷ್ಟೇ.

ಅಪ್ಪ ತೀರಿಕೊಂಡ ಮೇಲೆ ಮೂರು ವರ್ಷ ಅವರ ಬಿಳಿ ಅಂಬಾಸಿಡರ್ ಶೆಡ್ಡಿನಲ್ಲೇ ನಿಂತಿತ್ತು. ಅವರಿದ್ದಾಗ ಅವ್ವನನ್ನು ಜುಗೂಳಕ್ಕೆ, ಅವಳ ಅಕ್ಕನ ಮನೆಗೆ, ಅದರಲ್ಲೇ ಕರೆದೊಯ್ಯುತ್ತಿದ್ದರು. ಅವ್ವ ಹಿಂದಿನ ಸೀಟಿನಲ್ಲಿ, ಕಾಲಡಿ ಹಸಿ ಗೋಣಿಚೀಲ ಹಾಕಿಕೊಂಡು ಕೂರುತ್ತಿದ್ದಳು. ಯಾಕೆಂದು ಕೇಳಿದರೆ “ತಂಪಿರ್ತೈತಿ” ಅನ್ನುತ್ತಿದ್ದಳು. ಈ ಸಲ ಭಾನುವಾರಕ್ಕೆ ಆ ದೊಡ್ಡವ್ವನ ಮೊಮ್ಮಗಳ ಕುಬುಸ, ಅಂದರೆ ಸೀಮಂತ, ಬಂತು.

“ಐತವಾರ ಈ ಗಾಡಿ ಜುಗೂಳಕ್ಕ ಹೋದ್ರ ಇರ್ಲಿ,” ಅಂದಳು ಅವ್ವ. “ಹೋಗ್ಲಿಲ್ಲಂದ್ರ ಗುಜರಿಯವಗ ಕೊಟ್ಟಬಿಡು. ಆಕಳಿಗಿ ಶೆಡ್ ಬೇಕಾಗೈತಿ.”

ಆ ಕಾರು ಅಂದರೆ ನನಗೆ ಅಪ್ಪನೇ. ಅವರ ಕೈಗೆ ಬಾರದ ರಿಪೇರಿ ಇಲ್ಲವೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು. ಗುರುವಾರ ಟ್ಯಾಂಕಿನ ಹಳೆ ಪೆಟ್ರೋಲ್ ಬಸಿದು ಬೋನೆಟ್ ಎತ್ತಿದೆ. ಎಂಜಿನ್ನಿಗೆ ಪೆಟ್ರೋಲ್ ಒಯ್ಯುವ ರಬ್ಬರ್ ಪೈಪು ಮುಟ್ಟಿದರೆ ಕಡಕ್ ರೊಟ್ಟಿಯಂತೆ ಪುಡಿಯಾಯಿತು. ನಾನೇನು ಗಾಬರಿಯಾಗಲಿಲ್ಲ. ತೋಟಕ್ಕೆ ಹೋಗಿ ಡ್ರಿಪ್ಪಿನ ತೆಳು ಕರಿ ಪೈಪು ಒಂದು ಮಾರು ಕತ್ತರಿಸಿ ತಂದೆ. ಹೇಳಿ ಮಾಡಿಸಿದಂತೆ ಕೂತಿತು. ಕ್ಲಿಪ್ ಬಿಗಿದೆ, ಹೊಸ ಪೆಟ್ರೋಲ್, ಹೊಸ ಬ್ಯಾಟರಿ ಹಾಕಿದೆ. ಕಾರು ಎರಡು ಸಲ ಕೆಮ್ಮಿ ಶುರುವಾಯಿತು. ಗಾಲಿಯಡಿ ಲಿಂಬೆಹಣ್ಣನ್ನೂ ಇಟ್ಟೆ.

ಶುಕ್ರವಾರ ಮುಂಜಾನೆ ಶೆಡ್ಡಿನಿಂದ ಹೆಂಡತಿ ಕೂಗಿದಳು. “ರೀ, ಬರ್ರಿ ಇಲ್ಲಿ. ಡ್ರಿಪ್ ಭಾಳ ಛಲೋ ನಡದೈತಿ.”

ಪೆಟ್ರೋಲ್ ಕುಡಿದ ಪೈಪು ಉಬ್ಬಿ, ಮೆತ್ತಗಾಗಿ, ಕ್ಲಿಪ್ಪಿನಿಂದ ಜಾರಿತ್ತು. ಎಂಜಿನ್ನಿನ ಕೆಳಗೆ ನೆಲ ತೊಯ್ದಿತ್ತು. “ಇದ್ರಾಗ ಅತ್ತಿನ್ನ ಕುಂದ್ರಸವ್ರಿದ್ರೇನ?” ಅಂದಳು. ಈಗ ಅವಳು ನಗುತ್ತಿರಲಿಲ್ಲ. ನಾನು ಪೈಪು ಕಿತ್ತು ಕೈಗೆ ತೆಗೆದುಕೊಂಡೆ.

ತಂಬಾಕು ಬೆಳೆಯುವ ನಿಪ್ಪಾಣಿಗೆ ಹೋಗಿ ಹೆದ್ದಾರಿ ಪಕ್ಕದ ಸ್ಪೇರ್ ಪಾರ್ಟ್ ಅಂಗಡಿ ಹುಡುಕಿದೆ. ಅಲ್ಲಿಯ ಮುದುಕ ಮಾಲೀಕ ನನ್ನ ಕೈಯಲ್ಲಿದ್ದ ಉಬ್ಬಿದ ಪೈಪು ನೋಡಿ, “ಕಾಯ್ ಪಾವ್ಣೆ,” ಎಂದು ಮರಾಠಿಯಲ್ಲಿ ನೆಂಟನಂತೆ ಮಾತಾಡಿಸಿ, “ದ್ರಾಕ್ಷಿಯವ್ರೇನ್ರಿ?” ಅಂದ. ಹೌದೆಂದೆ. “ತಂಬಾಕದವ್ರು ಹಿಂಗ ಮಾಡೂದಿಲ್ರಿ,” ಎಂದು ಪೆಟ್ರೋಲಿಗೆಂದೇ ಮಾಡಿದ ರಬ್ಬರ್ ಪೈಪು ಅಳೆದು ಕೊಟ್ಟ.

ಶನಿವಾರ ಮುಂದಿನ ಪೈಪು ಬದಲಿಸಿ, ಟ್ಯಾಂಕಿನ ಬದಿಯದನ್ನೂ ಬದಲಿಸೋಣವೆಂದು ಕಾರಿನಡಿ ತೆವಳಿದೆ. ಅಲ್ಲೊಂದು ಹಳದಿ ತುಂಡು ಕಂಡಿತು. ದ್ರಾಕ್ಷಿಗೆ ಔಷಧ ಹೊಡೆಯುವ ಪಂಪಿನ ಪೈಪು. ಎರಡೂ ತುದಿಗೆ ಚಪ್ಪರದ ತಂತಿ, ಅಪ್ಪ ಬಿಗಿಯುತ್ತಿದ್ದಂತೆಯೇ ಮೂರು ಸುತ್ತು. ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ ರಿಪೇರಿ ಇದು. ನಗು ಬಂತು, ಆಮೇಲೆ ಅಪ್ಪ ಬೇಕೆನಿಸಿ ಅಳು ಬಂತು. ಸ್ವಲ್ಪ ಹೊತ್ತು ಅಲ್ಲೇ ಮಲಗಿದ್ದು, ಅದನ್ನೂ ಬದಲಿಸಿ ಎದ್ದೆ.

ಭಾನುವಾರ ಅವ್ವ ರೇಷ್ಮೆ ಸೀರೆಯುಟ್ಟು, ನೀರಿಳಿಯುವ ಗೋಣಿಚೀಲ ಹಿಡಿದು ಬಂದಳು. ಹಳದಿ ತುಂಡನ್ನು ತೋರಿಸಿದೆ.

“ಗೊತ್ತೈತಿ,” ಅಂದಳು. “ವರ್ಷಾನಗಟ್ಲೆ ಪೆಟ್ರೋಲ್ ವಾಸ್ನಿ ಬರತಿತ್ತು. ಬೆಂಕಿ ಹತ್ತಿದ್ರ ಕೈಯಾಗ ಇರ್ಲಿ ಅಂತನ ಈ ಚೀಲ.”

“ಅಪ್ಪಗ ಯಾಕ ಹೇಳ್ಲಿಲ್ಲಬೇ?”

“ಹೇಳಿದ್ರ ಮನಸಿಗಿ ಹಚ್ಚಿಕೊಂಡು ಗಾಡಿನ ಬಿಡತಿದ್ರು. ಆಮ್ಯಾಲ ನಾ ಅಕ್ಕನ್ನ ನೋಡಾಕ ಹೆಂಗ ಹೋಗೂದು?”

ಕಾರು ಚಾಲು ಮಾಡಿಸಿ, ಬೋನೆಟ್ ಎತ್ತಿಸಿ ಮೂಸಿದಳು. ಹಿಂದೆ ಹೋಗಿ, ಸೊಂಟ ಹಿಡಿದು ಬಗ್ಗಿ, ಟ್ಯಾಂಕಿನ ಹತ್ತಿರವೂ ಮೂಸಿದಳು. ಆಮೇಲೆ ಗೋಣಿಚೀಲವನ್ನು ಹಿಂಡಿ, ಶೆಡ್ಡಿನ ಕಂಬದ ಮೇಲೆ ಒಣಹಾಕಿ, ಬಂದು ಮುಂದಿನ ಸೀಟಿನಲ್ಲಿ ಕೂತಳು. ಅವಳು ಅಲ್ಲಿ ಕೂತಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

“ಆಕಳಿಗಿ ಬ್ಯಾರೆ ಶೆಡ್ ಹಾಕ್ಸು,” ಅಂದಳು.