ಮುಟ್ಟಳ್ಳಿ ನಾಗಪತಿಯ ಸುಳ್ಳು ಕುಂಟು

ಭಟ್ಕಳದ ಹತ್ತಿರದ ಮುಟ್ಟಳ್ಳಿಯ ನಾಗಪತಿ ತೆಂಗಿನಮರ ಹತ್ತಿ ಕಾಯಿ ಕೊಯ್ಯುವವನು. ದಿನಕ್ಕೆ ನಲವತ್ತು ಮರ ಹತ್ತಿ ಇಳಿಯುತ್ತಿದ್ದ. ಕಬಡ್ಡಿಯಲ್ಲಿ ಅವನ ಕಾಲು ಹಿಡಿದು ನಿಲ್ಲಿಸುವುದೆಂದರೆ ಓಡುವ ದೋಣಿಯ ಹಗ್ಗವನ್ನು ಬರಿಗೈಯಲ್ಲಿ ಹಿಡಿದಂತೆ. ಹೊನ್ನಾವರದ ಕಾಸರಕೋಡಿನ ಮೀನುಗಾರರಾದ ನಾವು ಅವನನ್ನು ಎಂಟು ವರ್ಷ ಬೈದೆವು.

ಮಳೆ ಮುಗಿದ ಮೇಲೆ, ಮೀನು ಒಣಗಿಸಲು ಹರಡುವ ಮೊದಲು, ನಮ್ಮ ಬಯಲಿಗೆ ಸುಣ್ಣದ ಗೆರೆ ಎಳೆದು ಆಟ ಇಡುತ್ತಾರೆ. ಭಟ್ಕಳದಿಂದ, ಕುಮಟೆಯಿಂದ ತಂಡಗಳು ಬರುತ್ತವೆ. ನಾವು ಹೆಂಗಸರು ಮೀನಿನ ಬುಟ್ಟಿ ಮಗುಚಿ ಹಾಕಿ ಗೆರೆಗೆ ತಾಗಿಯೇ ಕೂರುವುದು ವಾಡಿಕೆ.

ಅವನು ಚೆನ್ನಾಗಿ ಆಡುತ್ತಾನೆಂದು ನಾವು ಬೈದದ್ದಲ್ಲ. ರೈಡಿಗೆಂದು ನಮ್ಮ ಗೆರೆಯೊಳಗೆ ಬಂದವನು ನಡುವೆ ಬಲಗಾಲು ಉಳುಕಿದವನಂತೆ ಮುಖ ಕಿವುಚಿ ಕುಂಟುತ್ತಿದ್ದ. ಸಿಕ್ಕನೆಂದು ನಮ್ಮ ಹುಡುಗರು ಮೈಮೇಲೆ ಬಿದ್ದರೆ ಅವರನ್ನೇ ದಾಟಿ ಹಾರಿ, ಒಂದೇ ಸಲಕ್ಕೆ ಮೂರು ಪಾಯಿಂಟು ಒಯ್ಯುತ್ತಿದ್ದ. ಆಮೇಲೆ ನಮ್ಮ ಕಡೆ ತಿರುಗಿ, "ಕಾಲು ನೋವಾತು ಅಕ್ಕಾ, ಎಣ್ಣೆ ಇದ್ರೆ ಕೊಡಿ" ಎಂದು ಕೈಮುಗಿಯುತ್ತಿದ್ದ. ಪಕ್ಕದ ಮನೆಯ ಜಯಂತಿ ಕುಂಟಕಾಗೆ ಎಂದು ಹೆಸರಿಟ್ಟಳು. ಒಂದು ವರ್ಷ ಅವನಿಗೆ ಜ್ವರ, ಬರಲಿಲ್ಲ. ನಾವು ಗೆದ್ದೆವು. ಆದರೆ ಮಧ್ಯಾಹ್ನಕ್ಕೇ ಬಯಲು ಖಾಲಿ. ಅವನು ಸೋಲುವುದನ್ನು ನೋಡಲೆಂದೇ ಜನ ಬರುತ್ತಿದ್ದದ್ದು.

ಅದರ ಮರುವರ್ಷ ನನ್ನ ಮಗ ಸುಧಾಕರ ಮೂಲೆಯಲ್ಲಿ ಆಡುತ್ತಿದ್ದ. ಅವನ ಬೆನ್ನಿಗೇ, ಗೆರೆಯ ಹೊರಗೆ, ನಾನು ಕೂತಿದ್ದೆ. ನಾಗಪತಿ ಬಂದ, ಕುಂಟಿದ. ಈ ಸಲ ಮೋಸಹೋಗದೆ ಸುಧಾಕರ ಕಾದು, ಅವನು ಹಾರುವ ಹೊತ್ತಿಗೆ ಪಾದ ಹಿಡಿದ. ಉಳಿದವರು ಮೇಲೆ ಬಿದ್ದರು. ಅಡಿಯಿಂದ ನಾಗಪತಿ, "ಬಿಡಾ, ಕಾಲು ಹೋತು" ಎಂದ. ಬಯಲೆಲ್ಲ ನಕ್ಕಿತು. ಸುಧಾಕರನ ಕೈ ಸಡಿಲವಾದದ್ದು ನನಗೆ ಕಂಡಿತು. ನಾನು ಎದ್ದುನಿಂತು ಕೂಗಿದೆ: "ಬಿಡ್ಬೇಡ ಮಗಾ, ನಾಟ್ಕ ಅದು."

ಸುಧಾಕರ ಬಿಗಿಯಾಗಿ ಹಿಡಿದು ತಿರುಚಿದ. ಸೀಟಿ ಊದುವವನೂ ಎರಡು ಕ್ಷಣ ತಡೆದ. ಎಲ್ಲರೂ ಎದ್ದ ಮೇಲೆ ನೋಡಿದರೆ ಮೊಣಕಾಲಿನ ಕೆಳಗಿನ ಭಾಗ ಬೇರೆ ಕಡೆ ನೋಡುತ್ತಿತ್ತು. ಆಗಲೂ ಹಿಂದೆ ಕೂತ ಯಾರೋ ಚಪ್ಪಾಳೆ ತಟ್ಟುತ್ತಿದ್ದರು.

ಎರಡು ಸಲ ಆಪರೇಷನ್ ಆಯಿತು. ಆದರೂ ಮೊಣಕಾಲು ಮಡಚಲು ಬರಲಿಲ್ಲ. ಸುಧಾಕರ ಬೇಕೆಂದೇ ಮುರಿದ ಎಂಬ ಮಾತು ಭಟ್ಕಳದಿಂದ ಕುಮಟೆಯ ಮೀನುಪೇಟೆಯವರೆಗೂ ಹಬ್ಬಿತು. ದೋಣಿಯಲ್ಲಿ ಅವನ ಪಕ್ಕ ಕೂತು ಗಂಜಿ ಉಣ್ಣುವವರೂ ಕಡಿಮೆಯಾದರು.  ಆದರೂ ಸುಧಾಕರ ನನ್ನ ಹೆಸರು ಎತ್ತಲಿಲ್ಲ. ಒಂದು ವರ್ಷ ನಾನೂ ಸುಮ್ಮನೇ ಇದ್ದೆ.

ಕೊನೆಗೆ ಒಂದು ಬುಟ್ಟಿ ಬಂಗಡೆ ಹೊತ್ತು ಮುಟ್ಟಳ್ಳಿಗೆ ಹೋದೆ. ನಾಗಪತಿ ಜಗಲಿಯಲ್ಲಿ ಕಾಲು ಚಾಚಿ, ಪೊರಕೆಗೆ ತೆಂಗಿನ ಗರಿ ಸೀಳುತ್ತಿದ್ದ. ಅವನ ತಾಯಿ ಸೋಮಿ ನೀರು ಬೆಲ್ಲ ಕೊಟ್ಟಳು, ಊಟ ಮಾಡಿಯೇ ಹೋಗಬೇಕೆಂದು ಅಂಗಳದಲ್ಲಿ ಮೀನು ಕೊಯ್ಯಲು ಕೂತಳು. ನಾನು ಯಾರೆಂದು ಹೇಳಬೇಕಾಗಲಿಲ್ಲ.

"ನಿಮ್ಮ ದನಿ ಗುರ್ತು ಇತ್ತು ಅಮ್ಮಾ," ಅಂದ. "ಎಂಟು ವರ್ಷ ಬೈಸ್ಕಂಡಿದ್ದೆ ಅಲ್ದಾ. ನೀವು ಬೈದಷ್ಟೂ ನಂಗೆ ಹುರುಪು."

ನಕ್ಕ. ಆಮೇಲೆ ಗರಿ ಕೆಳಗಿಟ್ಟು, "ಒಂದು ಕೇಳ್ತೆ. ನಾ ಬಿಡು ಅಂದಾಗ ನಿಮ್ಮ ಮಗ ಕೈ ಸಡ್ಲ ಮಾಡಿದ್ದ. ಮತ್ತೆ ಬಿಗಿ ಹಿಡ್ದ. ಎಂತಕ್ಕೆ? ಗದ್ದಲದಲ್ಲಿ ನಂಗೆ ಎಂತದೂ ಕೇಳ್ಲಿಲ್ಲ."

"ನಾ ಹೇಳ್ದೆ," ಅಂದೆ. "ಬಿಡ್ಬೇಡ ಅಂತ ನಾನೇ ಕೂಗ್ದೆ. ಅವ ತಾಯಿ ಮಾತು ಕೇಳ್ದ, ಅಷ್ಟೇ."

ನಾಗಪತಿ ಇನ್ನೊಂದು ಗರಿ ಎತ್ತಿಕೊಂಡ. ಸೋಮಿಯ ಕತ್ತಿ ನಿಂತಿತು. ನಾಲ್ಕು ಬಂಗಡೆ ಹಸನು ಮಾಡಿದ್ದಳು. ಕೊಯ್ದದ್ದು, ಕೊಯ್ಯದ್ದು ಎಲ್ಲವನ್ನೂ ನನ್ನ ಬುಟ್ಟಿಗೆ ಹಾಕಿ, ಆ ಜಾಗಕ್ಕೆ ನೀರು ಸುರಿದಳು.

"ನಿಮ್ಮ ಬಸ್ಸಿಗೆ ಹೊತ್ತಾತು," ಅಂದಳು.

ದಾರಿಯಲ್ಲಿ ಭಟ್ಕಳದ ಪೇಟೆಯಲ್ಲೂ ಊರಲ್ಲೂ ಬಿಡಬೇಡವೆಂದು ಕೂಗಿದ್ದು ನಾನೇ ಎಂದು ಬಾಯಿಬಿಟ್ಟು ಹೇಳಿದೆ. ಸುಧಾಕರನ ಮೇಲಿನ ಮಾತು ನಿಂತಿತು. ಈಗ ಜನ ನನ್ನ ಹೆಸರು ಹೇಳುತ್ತಾರೆ. ಮುಟ್ಟಳ್ಳಿಯಲ್ಲಿ ಸೋಮಿ, ಮನೆಯಂಗಳದ ಎರಡು ಮರದ ಕಾಯಿ ಕೊಯ್ಯಲು ಕಾಯ್ಕಿಣಿಯಿಂದ ಆಳು ಕರೆಸುತ್ತಾಳಂತೆ. ಆಳು ಮರ ಹತ್ತುವಾಗ ನಾಗಪತಿ ಒಳಗೆ ಹೋಗಿ ಕೂರುತ್ತಾನಂತೆ.